ಊರಮ್ಮನ ಟೇಪು

ಮಡಕಶಿರದ ಬಸ್ ಸ್ಟ್ಯಾಂಡಿನಿಂದ ಸಂತೆಬೀದಿಗೆ ತಿರುಗುವ ಮೂಲೆಯಲ್ಲಿ ನಮ್ಮಪ್ಪನ ಟೈಲರ್ ಅಂಗಡಿ ಇತ್ತು. ಅಂಗಡಿ ಎಂದರೆ ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಒಂದು ಮೇಜು, ಗೋಡೆಗೆ ನಮ್ಮೂರ ದೇವತೆ ಊರಮ್ಮನ ಪಟ, ಪಟದ ಕೆಳಗೊಂದು ಮೊಳೆ, ಮೊಳೆಗೆ ಒಂದು ಹಳದಿ ಟೇಪು. ಹೆಂಗಸರು ಯಾರಾದರೂ ಜಾಕೀಟಿಗೆ, ಅಂದರೆ ರವಿಕೆಗೆ, ಬಟ್ಟೆ ತಂದರೆ ಅಪ್ಪ ಮೊದಲು ಕೇಳುತ್ತಿದ್ದುದು ಕುತ್ತಿಗೆ ಎಷ್ಟು ಇಳಿಸಬೇಕು, ತೋಳು ಎಷ್ಟುದ್ದ ಬೇಕು ಎಂದಲ್ಲ. "ಯಾವೂರಮ್ಮ? ಯಾರ ಪೈಕಿ?" ಎಂದು. ಆ ದನಿಯಲ್ಲಿ ನೆಂಟಸ್ತಿಕೆ ತುಂಬಿರುತ್ತಿತ್ತು. ಉತ್ತರ ಸರಿಹೋದರೆ ಅವ್ವ ಎದ್ದು ಮೊಳೆಯಿಂದ ಟೇಪು ತೆಗೆಯುತ್ತಿದ್ದಳು. ಗಂಡಸು ಹೆಂಗಸರ ಮೈಗೆ ಟೇಪು ಹಿಡಿಯಬಾರದು ಎಂಬುದು ನಮ್ಮ ಅಂಗಡಿಯ ನೇಮ. ಅವ್ವ ಹಿಡಿದು ಕೂಗುವಳು, ಅಪ್ಪ ಬೆನ್ನು ತಿರುಗಿಸಿ ಕೂತು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳುವನು.

ಉತ್ತರ ಸರಿಹೋಗದಿದ್ದರೆ ಟೇಪು ಮೊಳೆಯಲ್ಲೇ ಇರುತ್ತಿತ್ತು. ಅಳತೆ ಜಾಕೀಟು ತಂದು ಇಡಮ್ಮ, ಅದನ್ನೇ ನೋಡಿಕೊಂಡು ಹೊಲಿದುಕೊಡುತ್ತೇನೆ ಎನ್ನುವನು. ಬೈಗುಳವಿಲ್ಲ, ಮುಖ ಗಂಟಿಕ್ಕುವುದಿಲ್ಲ. ಬಂದವರೂ ಏನೊಂದೂ ಕೇಳದೆ ತಮ್ಮ ಹಳೆಯ ಜಾಕೀಟನ್ನು ಮೇಜಿನ ತುದಿಗಿಟ್ಟು ಹೋಗುವರು. ಚಿಕ್ಕವಳಿದ್ದಾಗ ಅದೂ ಟೈಲರ್ ಕೆಲಸದ ಒಂದು ಭಾಗ ಎಂದೇ ತಿಳಿದಿದ್ದೆ. ಪೇಟೆಗೆ ಬರುವವರಲ್ಲಿ ಎಷ್ಟೋ ಜನ ಗುರುತಿಲ್ಲದವರು. ತಾವು ಇಂಥವರ ಪೈಕಿ ಎಂದು ಏನು ಹೇಳಿದರೂ ಅಪ್ಪ ನಂಬುತ್ತಿದ್ದ. ಸುಳ್ಳು ಹೇಳಿದವರಿಗೆ ಟೇಪು ಸಿಗುತ್ತಿತ್ತು, ನಿಜ ಹೇಳಿದವರಿಗೆ ಸಿಗುತ್ತಿರಲಿಲ್ಲ. ಇದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಹೊಳೆದ ದಿನ ನಕ್ಕೆ, ಮಾರನೇ ದಿನ ಸಿಟ್ಟು ಬಂತು.

ಆ ಟೇಪಿನ ಕಥೆ ನನ್ನದೇ ಕಥೆ. ನಮ್ಮದು ಅಗಳಿ ಹತ್ತಿರದ ಹಳ್ಳಿ, ಕುರಿ ಸಾಕುವವರ ಮನೆ. ಅಪ್ಪನ ಒಂದು ಕಾಲು ಹುಟ್ಟಿನಿಂದಲೇ ಸೋತಿತ್ತು. ಕುರಿಯ ಹಿಂದೆ ನಡೆಯಲಾರದವನೆಂದು ತಾತ ಅವನನ್ನು ಮಿಷನ್ನಿಗೆ ಕೂರಿಸಿದ್ದ. ನಾನು ಸಣ್ಣವಳಿದ್ದಾಗ ನನ್ನ ಮೈಮೇಲೆ ಗುಳ್ಳೆ ಎದ್ದು ಜ್ವರ ಸುಟ್ಟುಬಿಟ್ಟಿತಂತೆ. ನಮ್ಮ ಕಡೆ ಅದನ್ನು ಕಾಯಿಲೆ ಎನ್ನುವುದಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಾರೆ. ನಾನು ಕಣ್ಣು ಬಿಡದೆ ಮಲಗಿದ್ದಾಗ ಅಪ್ಪ ಕುಂಟುತ್ತ ಊರಮ್ಮನ ಗುಡಿಗೆ ಹೋಗಿ ಹರಕೆ ಹೊತ್ತ. ಮಗು ಉಳಿದರೆ ವರ್ಷವರ್ಷವೂ ನಿನ್ನ ಕುಪ್ಪಸ ನಾನೇ ಹೊಲಿದು ತರುತ್ತೇನೆ, ನಿನ್ನ ಮೈಗೆ ಹಿಡಿದ ಟೇಪಿಗೆ ಮೈಲಿಗೆ ಸೋಕದ ಹಾಗೆ ಕಾಯುತ್ತೇನೆ ಎಂದು. ನಾನು ಉಳಿದೆ. ಹರಕೆಯೂ ಉಳಿಯಿತು.

ಬರಬರುತ್ತ ಮಾತು ಸುತ್ತಲ ಹಳ್ಳಿಗಳಿಗೆಲ್ಲ ಹಬ್ಬಿತು. ಊರಮ್ಮನ ಟೇಪಿನಲ್ಲಿ ಅಳತೆ ಕೊಟ್ಟು ಹೊಲಿಸಿದ ಜಾಕೀಟು ತೊಟ್ಟು ಧಾರೆಗೆ ಕೂತ ಹೆಣ್ಣು ಮುತ್ತೈದೆಯಾಗಿ ಬಾಳುತ್ತಾಳೆ ಎಂದು ಜನ ನಂಬಿದರು. ಮದುವೆ ಕಾಲ ಬಂತೆಂದರೆ ಪಾವಗಡದ ಕಡೆಯಿಂದಲೂ ಬಸ್ಸಿಳಿದು ಬರುವರು. ಟೇಪು ಹಿಡಿಯುವ ಮೊದಲು ಹುಡುಗಿ ಪಟಕ್ಕೆ ಕೈಮುಗಿಯುವಳು, ಅವ್ವ ಅರಿಶಿನ ಹಚ್ಚುವಳು. ಬೇರೆ ಟೈಲರುಗಳು ಹೊಟ್ಟೆ ಉರಿದುಕೊಂಡು, ನಮ್ಮಲ್ಲಿ ಟೇಪು ಮಾತ್ರ ಇದೆ, ಅವನಲ್ಲಿ ದೇವರೇ ಕೂಲಿಗಿದ್ದಾಳೆ ಎಂದು ಆಡಿಕೊಳ್ಳುತ್ತಿದ್ದರು. ಅಪ್ಪನಿಗೆ ಅದನ್ನು ಕೇಳಿದರೆ ಒಳಗೊಳಗೇ ಖುಷಿಯಾಗುತ್ತಿತ್ತು.

ನಾನು ದುಡಿಯಲು ಹೋದದ್ದು ರಾಯದುರ್ಗಕ್ಕೆ. ನಮ್ಮ ಕಡೆಯ ಹುಡುಗಿಯರೆಲ್ಲ ಹಿಂದೂಪುರ, ಬೆಂಗಳೂರು ಎಂದು ಗಾರ್ಮೆಂಟ್ಸ್ ಬಸ್ಸು ಹತ್ತುತ್ತಿದ್ದ ವರ್ಷಗಳು ಅವು. ರಾಯದುರ್ಗದಲ್ಲಿ ನಮ್ಮ ಸೋದರತ್ತೆ ಇದ್ದಳು, ಅಲ್ಲಿ ಬೀದಿಬೀದಿಗೂ ಜೀನ್ಸ್ ಪ್ಯಾಂಟು ಹೊಲಿಯುವ ಯೂನಿಟ್ಟುಗಳಿದ್ದವು, ಟೈಲರ್ ಮಗಳಿಗೆ ಕೆಲಸ ಕಲಿಸುವ ಗೋಜೂ ಇರಲಿಲ್ಲ. ಹೋದ ಸ್ವಲ್ಪ ದಿನಕ್ಕೆ ನಮ್ಮೂರಾಚೆಯ ದಲಿತರ ಕಾಲೋನಿಯ ಹುಡುಗಿಯೊಬ್ಬಳು ಅದೇ ಯೂನಿಟ್ಟಿಗೆ ಬಂದಳು. ಊರಿನಲ್ಲಿ ಒಂದೇ ಸ್ಕೂಲಿಗೆ ಹೋಗಿದ್ದೆವು, ಒಂದೇ ಬೆಂಚಿನಲ್ಲಿ ಕೂತಿರಲಿಲ್ಲ. ಇಲ್ಲಿ ನಾನು ಜಿಪ್ಪು ಕೂರಿಸಿ ದಾಟಿಸಿದ ಪ್ಯಾಂಟಿಗೆ ಅವಳು ಸೊಂಟದ ಪಟ್ಟಿ ಹೊಲಿಯುತ್ತಿದ್ದಳು. ಅತ್ತೆ ತೀರಿಕೊಂಡ ಮೇಲೆ ಇಬ್ಬರೂ ಸೇರಿ ಒಂದು ರೂಮು ಹಿಡಿದೆವು.

ಇಬ್ಬರೂ ಮುದ್ದೆ ಉಣ್ಣುವವರು. ಒಬ್ಬಳು ತಿರುವಿದರೆ ಇನ್ನೊಬ್ಬಳು ಸಾರು ಬಗ್ಗಿಸುವಳು. ತಾಟು ಇದ್ದದ್ದು ಒಂದೇ, ಅದರಲ್ಲೇ ಆಚೆ ಈಚೆ ಕೂತು ಉಣ್ಣುತ್ತಿದ್ದೆವು. ರೂಮಿನ ಓನರಮ್ಮ ಒಮ್ಮೆ ಬಾಗಿಲಲ್ಲಿ ನಿಂತು, "ಯಾಕವಾ, ಒಂದ ತಾಟಿನಾಗ ಉಣ್ತೀರಲ್ರಿ, ಅಕ್ಕತಂಗೇರೇನ್ರಿ?" ಎಂದಿದ್ದಳು. ಹೌದ್ರಿ ಎಂದು ಇಬ್ಬರೂ ಒಟ್ಟಿಗೇ ಹೇಳಿ ಬಾಗಿಲು ಹಾಕಿಕೊಂಡು ನಕ್ಕಿದ್ದೆವು. ಯೂನಿಟ್ಟಿನಲ್ಲಿ ಯಾರೂ ಯಾರ ಪೈಕಿ ಎಂದು ಕೇಳುತ್ತಿರಲಿಲ್ಲ. ಪ್ಯಾಂಟಿಗೆ ಸೈಜು ನಂಬರು ಇರುತ್ತಿತ್ತು, ಹಾಕುವವನು ಯಾರೆಂದು ನಮಗೆ ಗೊತ್ತಿಲ್ಲ, ಹೊಲಿದವಳು ಯಾರೆಂದು ಅವನಿಗೆ ಗೊತ್ತಿಲ್ಲ. ಊರಿಗೆ ಹೋಗುವಾಗ ಮಾತ್ರ ಬಸ್ಸು ಪಾವಗಡ ದಾಟುತ್ತಿದ್ದಂತೆ ನಾವಿಬ್ಬರೂ ಸ್ವಲ್ಪ ಸುಮ್ಮನಾಗುತ್ತಿದ್ದೆವು. ಊರ ಬಾಗಿಲಲ್ಲಿ ಇಳಿದು ಅವಳು ಒಂದು ಕಡೆ, ನಾನು ಒಂದು ಕಡೆ ಹೋಗುವುದು.

ಅವಳಿಗೆ ಬೆಳುಗುಪ್ಪದ ಹುಡುಗನ ಜೊತೆ ಮದುವೆ ಗೊತ್ತಾಯಿತು. ನಮ್ಮ ಯೂನಿಟ್ಟಿನಲ್ಲೇ ಕಟಿಂಗ್ ಮಾಡುವವನು, ಅವರ ಪೈಕಿಯವನೇ. ಮದುವೆ ಸೀರೆ ಬಂತು, ಕೆಂಪು ಜಾಕೀಟು ಪೀಸು ಬಂತು. ರಾಯದುರ್ಗದಲ್ಲಿ ಹೊಲಿಯುವವರು ಎಡವಿದರೆ ಸಿಗುತ್ತಾರೆ. ನಾನೇ ಹೊಲಿದುಕೊಡುತ್ತೇನೆ ಎಂದರೂ ಬೇಡವೆಂದಳು.

"ಊರಮ್ಮನ ಟೇಪಲ್ಲೇ ಅಳತೆ ಕೊಡ್ಬೇಕು ಕಣೆ," ಅಂದಳು. "ಸಣ್ಣೋಳಿದ್ದಾಗಿಂದ ನಿಮ್ಮಂಗಡಿ ಮುಂದೆ ನಿಂತ್ಕೊಂಡು ಮದುವೆಹೆಣ್ಣುಗಳನ್ನ ನೋಡಿದೀನಿ. ಅಮ್ಮ ನಂಗೂ ಅಮ್ಮನೇ ಅಲ್ವಾ?"

ನಮ್ಮಪ್ಪ ಏನು ಹೇಳುತ್ತಾನೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಸುಮ್ಮನೆ ಮನಸ್ಸು ಕೆಡಿಸಿಕೊಳ್ಳಬೇಡ ಎಂದೆ. ಕೇಳದೇ ಇದ್ದರೆ ಅವರು ಇಲ್ಲ ಎಂದರೆಂದು ನಾನು ಹೇಗೆ ಹೇಳಲಿ ಎಂದಳು. ಮಗಳ ಜೊತೆಯವಳು, ಮಗಳು ಪಕ್ಕದಲ್ಲೇ ನಿಂತಿರುತ್ತಾಳೆ, ಒಂದು ಸಲಕ್ಕೆ ಅಪ್ಪ ಸುಮ್ಮನಿರಬಹುದು ಎಂಬ ಆಸೆಯೂ ಇತ್ತು. ಇಬ್ಬರೂ ರಜೆ ಹಾಕಿ ಹೊರಟೆವು.

ಅಂದು ಮಡಕಶಿರದ ಸಂತೆ. ಕಡಲೆಕಾಯಿ ಮೂಟೆಗಳು ರಸ್ತೆಯವರೆಗೆ ಬಂದಿದ್ದವು, ಅಂಗಡಿಯ ಬೆಂಚಿನ ಮೇಲೆ ನಮ್ಮವರ ಪೈಕಿಯ ಮುದುಕಿಯೊಬ್ಬಳು ಮೊಮ್ಮಗಳ ಲಂಗಕ್ಕಾಗಿ ಕಾದು ಕೂತಿದ್ದಳು. ಅಪ್ಪ ನನ್ನ ಗೆಳತಿಯನ್ನು ನೋಡಿ ಚೆನ್ನಾಗಿದ್ದೀಯೇನಮ್ಮ ಎಂದು ವಿಚಾರಿಸಿದ. ಯಾರ ಪೈಕಿ ಎಂದು ಕೇಳಲಿಲ್ಲ, ಗೊತ್ತಿತ್ತಲ್ಲ. ಪೀಸನ್ನು ಕೈಗೆ ತೆಗೆದುಕೊಂಡು ಹರಡಿ ನೋಡಿ, ಒಳ್ಳೆ ಬಟ್ಟೆ ಎಂದು ಮೆಚ್ಚಿ, ಅಳತೆ ಜಾಕೀಟು ಎಲ್ಲಿ ಎಂದ.

"ಅಳತೆ ಜಾಕೀಟು ತಂದಿಲ್ಲ ಟೈಲರಣ್ಣ. ಮದುವೆ ಜಾಕೀಟು. ಅಮ್ಮನ ಟೇಪಲ್ಲಿ ಅಳತೆ ತಗೊಳ್ಳಿ."

ಅವ್ವನ ಮಿಷನ್ನು ನಿಂತಿತು. ಅಪ್ಪ ಬಟ್ಟೆಯನ್ನು ಮಡಿಸುತ್ತ, ಮಡಿಸಿದ್ದನ್ನೇ ಮತ್ತೆ ಬಿಚ್ಚುತ್ತ, ಅದು ದೇವರ ಕಟ್ಟಳೆ ಕಣಮ್ಮ, ನನ್ನ ಕೈಯಲ್ಲಿಲ್ಲ, ಹೊಲಿಗೆಯಲ್ಲಿ ಒಂದೆಳೆ ಕಮ್ಮಿ ಮಾಡುವುದಿಲ್ಲ, ಒಂದು ಹಳೆಯ ಜಾಕೀಟು ತಂದುಕೊಡು ಎಂದ. ಬೆಂಚಿನ ಮುದುಕಿ ಮೋರೆ ಆಚೆ ತಿರುಗಿಸಿದಳು. ಗೆಳತಿ ಅಲ್ಲಾಡಲಿಲ್ಲ. ಪಟಕ್ಕೆ ಕೈಮುಗಿದು ಟೇಪನ್ನೇ ನೋಡುತ್ತ ನಿಂತಳು.

ಅವ್ವನಿಗೆ ಈ ಹುಡುಗಿಯನ್ನು ಕಂಡರೆ ಪ್ರೀತಿ. ಹುಡುಗಿ ಒಬ್ಬಳೇ ಊರಿಗೆ ಬಂದಾಗಲೆಲ್ಲ ಅವಳ ಕೈಯಲ್ಲಿ ಅವ್ವ ನನಗೆ ಚಟ್ನಿಪುಡಿ ಕಳಿಸುತ್ತಿದ್ದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವ್ವನಿಗೊಂದು ಉಪಾಯ ಹೊಳೆಯಿತು. ಮುಖ ಅರಳಿಸಿಕೊಂಡೇ ಹೇಳಿದಳು, ಮಗಳ ಬ್ಯಾಗಿನಲ್ಲಿ ಯೂನಿಟ್ಟಿನ ಟೇಪು ಇರುತ್ತದೆ, ಅದರಲ್ಲಿ ನಾನೇ ಹಿಡಿಯುತ್ತೇನೆ, ಅರಿಶಿನವನ್ನೂ ಹಚ್ಚುತ್ತೇನೆ ಬಾ ಎಂದು. ನಾನು ಬೇಡ ಎನ್ನುವಷ್ಟರಲ್ಲಿ ಅವ್ವನ ಕೈ ನನ್ನ ಬ್ಯಾಗಿನೊಳಗೆ ಹೋಗಿಯಾಗಿತ್ತು.

ಗೆಳತಿ ಆ ಟೇಪನ್ನು ನೋಡಿದಳು. ನಾವಿಬ್ಬರೂ ಒಬ್ಬರ ಸೊಂಟಕ್ಕೊಬ್ಬರು ಹಿಡಿದು ತಮಾಷೆ ಮಾಡಿದ ಟೇಪು ಅದು.

"ಟೀ ಅಂಗಡೀಲಿ ನಮಗೆ ಬೇರೆ ಲೋಟ ಇಡೋದು ಹೋಯ್ತು ಅಂದ್ಕೊಂಡಿದ್ದೆ ಅಕ್ಕ," ಅಂದಳು ಅವ್ವನಿಗೆ. "ಈಗ ಬೇರೆ ಟೇಪಾ?"

ಪೀಸನ್ನು ಅಪ್ಪನ ಕೈಯಿಂದ ತೆಗೆದುಕೊಂಡು ಚೀಲಕ್ಕೆ ಹಾಕಿ ಮೆಟ್ಟಿಲಿಳಿದಳು. ಅವ್ವನಿಗೆ ತಾನೇನು ತಪ್ಪು ಮಾಡಿದೆನೆಂದು ಆಗ ತಿಳಿಯಲಿಲ್ಲ. ಟೇಪನ್ನು ಕೈಗೆ ಸುತ್ತಿಕೊಳ್ಳುತ್ತ ಬಿಚ್ಚುತ್ತ ನಿಂತಿದ್ದಳು.

ಮನೆಗೆ ಹೋಗಿ ನಾನು ಅಪ್ಪನ ಮೇಲೆ ಹಾರಾಡಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದು ನಮ್ಮ ತಾತನಿಂದ ಬಂದದ್ದು. ಬಸ್ಸಿಳಿದು ಬಂದ ಯಾರ್ಯಾರಿಗೋ ಹಿಡಿಯುವ ಟೇಪು ನನ್ನ ಜೊತೆ ಉಂಡವಳಿಗೆ ಬೇಡವಾಯಿತೇ ಎಂದೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ನಿನ್ನನ್ನು ನೋಡಿಯೇ ಕಟ್ಟಿದ್ದು ಎಂದೆ. ಅಪ್ಪ ಎದುರು ಮಾತಾಡುವವನಲ್ಲ. ಎಲ್ಲ ಮುಗಿದ ಮೇಲೆ ಒಂದೇ ಮಾತು ಹೇಳಿದ.

"ಅದು ನಿನ್ನ ಜೀವಕ್ಕೆ ಹೇಳ್ಕೊಂಡಿದ್ದು ಕಣಮ್ಮಿ. ನನ್ನ ಜೀವಕ್ಕಾಗಿದ್ರೆ ಇವತ್ತೇ ಹಿಡಿಸ್ತಿದ್ದೆ."

ಆ ಮಾತು ಬಿಸಿ ತುಪ್ಪವಾಯಿತು, ನುಂಗಲೂ ಆಗದು ಉಗುಳಲೂ ಆಗದು. ಅಪ್ಪ ನಾಟಕ ಆಡುತ್ತಿರಲಿಲ್ಲ. ಅವನಿಗೆ ನಿಜವಾಗಿ ಭಯವಿತ್ತು. ನನ್ನ ಮುಖದ ಮೇಲೆ ಉಳಿದ ಗುಳ್ಳೆಯ ಕಲೆಗಳನ್ನು ಅವನು ದಿನವೂ ನೋಡಿದವನು.

ಗೆಳತಿಯ ಅಣ್ಣ ಬೆಂಗಳೂರಿನಲ್ಲಿ ಗಾರೆ ಕೆಲಸದವನು, ತಂಗಿಯ ಮದುವೆಗೆಂದು ಬಂದಿದ್ದ. ಅಲ್ಲಿ ಕೆಲಸಗಾರರ ಸಂಘದಲ್ಲಿ ಓಡಾಡಿ ಕಾನೂನು ತಿಳಿದುಕೊಂಡಿದ್ದ. ಬೆಳಗಾಗುತ್ತಲೇ ಸ್ಟೇಷನ್ನಿಗೆ ಹೋಗಿ ಅರ್ಜಿ ಕೊಟ್ಟ. ಜಾತಿ ನೋಡಿ ಅಂಗಡಿಯಲ್ಲಿ ಕೆಲಸ ಮಾಡಿಕೊಡಲಿಲ್ಲ ಎಂದು ಕೇಸಾದರೆ ಬೇಲು ಸಿಗುವುದೂ ಕಷ್ಟ ಎಂದು ಸಂತೆಬೀದಿಯಲ್ಲಿ ಎಲ್ಲರೂ ವಕೀಲರಾದರು. ಕಾನ್‌ಸ್ಟೇಬಲ್ ಅಂಗಡಿಗೆ ಬಂದು, ನಾಳೆ ಬೆಳಗ್ಗೆ ಎಸ್ಸೈ ಮುಂದೆ ಬರಬೇಕು, ಅಂದು ಅಂಗಡಿಯಲ್ಲಿದ್ದವರೂ ಬರಬೇಕು ಎಂದು ತೆಲುಗಿನಲ್ಲಿ ಹೇಳಿಹೋದ. ಬೆಂಚಿನ ಮುದುಕಿ ತನಗೆ ಕಿವಿ ಕೇಳುವುದಿಲ್ಲ ಎಂದುಬಿಟ್ಟಳು. ಹಿಂದಿನ ದಿನದವರೆಗೆ ಚೆನ್ನಾಗಿಯೇ ಕೇಳುತ್ತಿತ್ತು. ಉಳಿದದ್ದು ನಾನು.

ಸಂಜೆ ನಮ್ಮವರ ಹಿರಿಯರು ಮನೆ ಜಗಲಿಗೆ ಬಂದು ಕೂತರು. ಅವರಲ್ಲೊಬ್ಬ ಬುದ್ಧಿವಂತ ದಾರಿ ಹುಡುಕಿದ. ಗಂಡಸು ಟೈಲರು ಹೆಂಗಸರ ಮೈ ಮುಟ್ಟುವುದಿಲ್ಲ, ಹಾಗಾಗಿ ಯಾರೇ ಬರಲಿ ಎಲ್ಲ ಹೆಂಗಸರಿಗೂ ಅಳತೆ ಜಾಕೀಟೇ ಎಂದುಬಿಟ್ಟರೆ ಜಾತಿಯ ಮಾತೇ ಬರುವುದಿಲ್ಲ. ಅದನ್ನು ಟೈಲರು ಹೇಳಿದರೆ ನಂಬುವುದಿಲ್ಲ, ಆ ಹುಡುಗಿಯ ಜೊತೆಯಲ್ಲೇ ಇರುವ ಮಗಳು ಹೇಳಿದರೆ ಎಸ್ಸೈ ಕೂಡ ನಂಬುತ್ತಾನೆ. ಎಲ್ಲರೂ ನನ್ನ ಕಡೆ ನೋಡಿದರು. ಅಪ್ಪ ನೆಲ ನೋಡುತ್ತಿದ್ದ. ಹೇಳು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅವನ ಬಾಯಲ್ಲಿ ಸುಳ್ಳು ಬರುವುದಿಲ್ಲ. ನನ್ನ ಬಾಯಲ್ಲಿ ಬಂದರೆ ಆಗಲಿ ಎಂದುಕೊಂಡನೋ ಏನೋ. ಅಷ್ಟು ಜನರ ಮುಂದೆ ನನಗೆ ಅವನ ಮೇಲೆ ಮರುಕವೂ ಬಂತು, ಸಿಟ್ಟೂ ಬಂತು. ಸೋತ ಕಾಲನ್ನು ಮಡಿಸಿಕೊಂಡು ಲಾಕಪ್ಪಿನ ಸಿಮೆಂಟಿನ ಮೇಲೆ ಅಪ್ಪ ಕೂತಿರುವುದು ಕಣ್ಣಿಗೆ ಕಟ್ಟಿತು.

ಬೆಳಗ್ಗೆ ಸ್ಟೇಷನ್ನಿಗೆ ಹೋಗುವ ಮೊದಲು ಅವಳನ್ನು ನೋಡಲು ಹೋದೆ. ಕಾಲೋನಿಯ ಮುಂದಿನ ನೀರಿನ ಟ್ಯಾಂಕಿನ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದಳು. ನಮ್ಮಪ್ಪನನ್ನು ಒಳಗೆ ಹಾಕಿಸುತ್ತೀಯಾ ಎಂದು ಕೇಳಬೇಕೆಂದಿದ್ದೆ. ಅವಳೇ ಮೊದಲು ಮಾತಾಡಿದಳು.

"ನಿಮ್ಮಪ್ಪ ಜೈಲಿಗೆ ಹೋಗೋದು ನಂಗೆ ಬ್ಯಾಡ. ಅಣ್ಣಂಗೆ ಬೇಕು, ನಂಗೆ ಬ್ಯಾಡ. ನಂಗೆ ಆ ಟೇಪು ಬೇಕು. ನೀನು ನಂಗೋಸ್ಕರ ಸುಳ್ಳು ಹೇಳ್ಬ್ಯಾಡ, ಅವ್ರಿಗೋಸ್ಕರಾನೂ ಹೇಳ್ಬ್ಯಾಡ."

ಬಿಂದಿಗೆ ತುಂಬಿ ನೀರು ಚೆಲ್ಲುತ್ತಿತ್ತು, ಇಬ್ಬರೂ ನಲ್ಲಿ ನಿಲ್ಲಿಸಲಿಲ್ಲ.

ಎಸ್ಸೈ ಕರಾವಳಿ ಆಂಧ್ರದ ಕಡೆಯವನು, ವಯಸ್ಸು ಹೆಚ್ಚಿಲ್ಲ, ನಮ್ಮ ಕನ್ನಡ ತಿಳಿಯುತ್ತಿತ್ತು, ಮಾತು ತೆಲುಗು. ಅಪ್ಪನಿಗೆ ಕುರ್ಚಿ ಕೊಡಿಸಿದ. ಗೆಳತಿಗೂ ಕೊಡಿಸಿದ. ಅಪ್ಪ ತನಗೆ ಬರುವ ತೆಲುಗಿನಲ್ಲಿ ಎಲ್ಲವನ್ನೂ ಹೇಳಿದ. ನಾನು ಯಾರನ್ನೂ ಬೈದಿಲ್ಲ, ಯಾರಿಗೂ ಹೊಲಿಯುವುದಿಲ್ಲ ಎಂದಿಲ್ಲ, ಕಾಲೋನಿಯವರ ಬಟ್ಟೆಯನ್ನು ಇದೇ ಕೈಯಲ್ಲಿ ಮುಟ್ಟಿ ಹೊಲಿಯುತ್ತೇನೆ. ಆದರೆ ಆ ಟೇಪು ದೇವರದು, ದೇವರಿಗೆ ನಡೆದುಕೊಳ್ಳುವುದು ನನ್ನ ಧರ್ಮ, ನನ್ನ ದೇವರ ವಿಚಾರಕ್ಕೆ ಸರ್ಕಾರ ಬರಬಹುದೇ ಸಾರ್ ಎಂದು ಕೇಳಿದ. ಕೈ ಮುಗಿದೇ ಕೇಳಿದ, ಆದರೆ ದನಿ ಗಟ್ಟಿಯಾಗಿತ್ತು. ನ್ಯಾಯವಾದ ಪ್ರಶ್ನೆ ಎಂದು ನನಗೂ ಅನ್ನಿಸಿತು.

ಎಸ್ಸೈ ಹೇಳಿದ್ದು ಇಷ್ಟು. ನೀನು ಯಾವ ದೇವರಿಗೆ ಹೇಗೆ ಕೈಮುಗಿಯುತ್ತೀಯೋ ನಾನು ಕೇಳುವುದಿಲ್ಲ. ಟೇಪನ್ನು ಮನೆಯ ದೇವರ ಗೂಡಿನಲ್ಲಿಟ್ಟು ಅಮ್ಮನ ಕುಪ್ಪಸಕ್ಕೆ ಮಾತ್ರ ಹಿಡಿದಿದ್ದರೆ ನಿನ್ನ ಹತ್ತಿರ ನನಗೇನು ಕೆಲಸ? ನೀನು ಅದನ್ನು ಅಂಗಡಿಯಲ್ಲಿ ತೂಗುಹಾಕಿ, ಅದರ ಹೆಸರಿನಲ್ಲಿ ಗಿರಾಕಿ ಕರೆದೆ. ಬಾಗಿಲು ತೆಗೆದು ಬನ್ನಿ ಎಂದ ಮೇಲೆ ಬಂದವರಲ್ಲಿ ಜಾತಿ ಆರಿಸುವ ಹಾಗಿಲ್ಲ. ಜಗಲಿಯ ಬುದ್ಧಿವಂತ ಬಾಗಿಲ ಹತ್ತಿರದಿಂದಲೇ, ಸಾರ್, ಅಲ್ಲಿ ಯಾವ ಹೆಂಗಸಿಗೂ ಟೇಪು ಹಿಡಿಯುವುದಿಲ್ಲ, ಮಗಳನ್ನೇ ಕೇಳಿ ಎಂದ.

ಎಸ್ಸೈ ನನ್ನ ಕಡೆ ತಿರುಗಿದ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಗೆಳತಿ ನನ್ನನ್ನು ನೋಡಲಿಲ್ಲ, ಕಿಟಕಿಯ ಆಚೆ ನೋಡುತ್ತಿದ್ದಳು. ಅಪ್ಪ ಮಾತ್ರ ನೆಟ್ಟಗೆ ನನ್ನನ್ನೇ ನೋಡುತ್ತಿದ್ದ. ಅವನ ಜೀವ ನನ್ನ ನಾಲಗೆಯ ಮೇಲಿತ್ತು, ನನ್ನ ಜೀವ ಅವನ ಟೇಪಿನಲ್ಲಿತ್ತು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಎನ್ನುತ್ತಾರಲ್ಲ, ಅದು ನಾನಾಗಿದ್ದೆ.

"ಹೆಂಗಸರಿಗೆ ಟೇಪು ಹಿಡೀತಾರೆ ಸಾರ್," ಎಂದೆ. "ನಮ್ಮವ್ವ ಹಿಡೀತಾಳೆ. ಯಾರ ಪೈಕಿ ಅಂತ ಕೇಳಿ ಹಿಡೀತಾರೆ. ಇವ್ಳಿಗೆ ಹಿಡೀಲಿಲ್ಲ."

ಅವ್ವನ ಬಾಯಿಂದ ಸಣ್ಣ ಸದ್ದೊಂದು ಬಂತು. ಅಪ್ಪ ಕಣ್ಣು ಕೆಳಗೆ ಮಾಡಿದ. ಆಶ್ಚರ್ಯವೆಂದರೆ ಅವನ ಭುಜಗಳು ಸ್ವಲ್ಪ ಸಡಿಲವಾದವು.

ಎಸ್ಸೈ ಗೆಳತಿಯನ್ನು ಕೇಳಿದ, ಕೇಸು ಬರೆಯಲೇ ಎಂದು. ಅಣ್ಣ ಬರೆಯಿರಿ ಎಂದ. ಅವಳು ಅಣ್ಣನ ಕೈ ಹಿಡಿದು ಕೂರಿಸಿ, ಅಂಗಡಿ ಬಾಗಿಲು ತೆಗೆದಿಟ್ಟುಕೊಂಡು, ಎಲ್ಲರ ಎದುರಿಗೆ, ಅಮ್ಮನ ಟೇಪಿನಲ್ಲಿ ಅಳತೆ ತೆಗೆದುಕೊಂಡರೆ ಅರ್ಜಿ ವಾಪಸ್ಸು, ಇಲ್ಲದಿದ್ದರೆ ಬರೆಯಿರಿ ಎಂದಳು. ಎಸ್ಸೈ ಅಪ್ಪನಿಗೆ, ನೀನೇ ಯೋಚನೆ ಮಾಡು, ಸಂಜೆಯ ತನಕ ಕಾಯುತ್ತೇನೆ ಎಂದ. ಅಪ್ಪ ಎದ್ದು ಅಂಗಡಿಯ ಕಡೆ ನಡೆದ. ನಾವೆಲ್ಲ ಹಿಂದೆ ನಡೆದೆವು. ಅವನು ಕುಂಟುವ ವೇಗಕ್ಕೆ ನಾವು ನಡೆಯಬೇಕಾಗಿತ್ತು, ಆ ದಾರಿ ಸವೆಯಲೇ ಇಲ್ಲ. ಅಂಗಡಿಗಳವರೆಲ್ಲ ಬಾಗಿಲಿಗೆ ಬಂದು ನೋಡಿದರು.

ಬೀಗ ತೆಗೆದು, ಪಟದ ಮುಂದೆ ನಿಂತ. ಏನು ಕೇಳಿಕೊಂಡನೋ ನನಗೆ ಗೊತ್ತಿಲ್ಲ, ಎಂದೂ ಕೇಳಿಲ್ಲ. ತುಂಬ ಹೊತ್ತು ನಿಂತ. ಗೆಳತಿಯ ಅಣ್ಣ ಮೆಟ್ಟಿಲ ಮೇಲೆ ಕೈಕಟ್ಟಿಕೊಂಡು ನಿಂತಿದ್ದ. ಕೊನೆಗೆ ಅಪ್ಪ ಮೊಳೆಯಿಂದ ಟೇಪು ತೆಗೆದ. ಅವ್ವ ಕೈ ಚಾಚಿದಳು. ಅವಳಿಗೆ ಕೊಡಲಿಲ್ಲ. ತಿರುಗಿ ನನ್ನ ಮುಂದೆ ಹಿಡಿದ.

"ನಿನ್ನ ಜೀವ," ಅಂದ. "ನೀನೇ ಹಿಡಿ."

ನಾನು ಸ್ಕೂಲು ಕಲಿತವಳು, ಗುಳ್ಳೆಗೂ ದೇವರಿಗೂ ಸಂಬಂಧವಿಲ್ಲ ಎಂದು ರಾಯದುರ್ಗದಲ್ಲಿ ದೊಡ್ಡದಾಗಿ ವಾದ ಮಾಡಿದವಳು. ಆ ಟೇಪು ಅಂಗೈಗೆ ಬಂದಾಗ ಹೆದರಿದೆ. ನಿಜವಾಗಿ ಹೆದರಿದೆ. ಗೆಳತಿ ನನ್ನ ಮುಖ ನೋಡಿ ಅದನ್ನು ತಿಳಿದುಕೊಂಡಳು. ಒಂದು ಗಳಿಗೆ ಬೇಡ ಎನ್ನುತ್ತಾಳೆ ಎನಿಸಿತು. ಎನ್ನಲಿಲ್ಲ. ಪಟಕ್ಕೆ ಕೈಮುಗಿದು, ಎರಡೂ ತೋಳು ಮೇಲೆತ್ತಿ ನಿಂತಳು. ಅವ್ವ ಯಾರೂ ಹೇಳದೆಯೇ ಅರಿಶಿನದ ಬಟ್ಟಲು ತಂದು ಅವಳ ಕೆನ್ನೆಗೆ ಹಚ್ಚಿದಳು. ಹಚ್ಚುವಾಗ ಅವಳೂ ಅತ್ತಳು, ಇವಳೂ ಅತ್ತಳು.

ಅಪ್ಪ ಬೆನ್ನು ತಿರುಗಿಸಿ ಕೂತು ಸೀಮೆಸುಣ್ಣ ಹಿಡಿದಿದ್ದ. ನಾನು ಅವಳ ಬೆನ್ನ ಸುತ್ತ ಟೇಪು ತಂದು ಎದೆಯಳತೆ ಕೂಗಿದೆ. ಸೀಮೆಸುಣ್ಣ ಅಲ್ಲಾಡಲಿಲ್ಲ.

"ಇನ್ನೊಂದ್ಸಲ ಹಿಡಿ," ಅಂದ ಅಪ್ಪ, ತಿರುಗದೆ. "ಅಷ್ಟಿರಲ್ಲ. ಟೇಪು ಹಿಂದೆ ಜಾರೈತೆ ನೋಡು."

ಜಾರಿತ್ತು. ಸರಿಯಾಗಿ ಹಿಡಿದು ಮತ್ತೆ ಕೂಗಿದೆ. ಮೇಜಿನ ಮೇಲೆ ಸೀಮೆಸುಣ್ಣ ಕರಕರ ಎಂದಿತು. ಭುಜ, ತೋಳು, ಕುತ್ತಿಗೆ, ಉದ್ದ, ಒಂದೊಂದನ್ನೇ ಹಿಡಿದು ಕೂಗಿ ಮುಗಿಸಿದೆ.

ಜಾಕೀಟು ಅವಳಿಗೆ ಕೈಯಿಟ್ಟ ಹಾಗೆ ಕೂತಿತು. ಮದುವೆಗೆ ಅಪ್ಪ ಹೋಗಲಿಲ್ಲ. ಅವ್ವ ಹೋದಳು, ಅಕ್ಷತೆ ಹಾಕಿ, ಊಟ ಮಾಡದೆ, ಎಲೆ ಅಡಿಕೆ ತೆಗೆದುಕೊಂಡು ಬಂದಳು. ಅಷ್ಟು ಹೊತ್ತಿಗೆ ಅವ್ವನ ಧೈರ್ಯ ಮುಗಿದಿತ್ತು. ನಮ್ಮವರ ಪೈಕಿ ಕೆಲವರು ಅಂಗಡಿಗೆ ಬರುವುದು ಬಿಟ್ಟರು. ಟೇಪು ಮೊಳೆಯಲ್ಲೇ ಇತ್ತು. ಯಾರ ಪೈಕಿ ಎಂದು ಅಪ್ಪ ಆಮೇಲೆ ಕೇಳುತ್ತಿರಲಿಲ್ಲವಂತೆ. ಕಾನೂನಿಗೆ ಹೆದರಿಯೋ, ಕೇಳಿ ಸಾಕಾಗಿಯೋ, ಹೇಳಲಾರೆ.

ಅವನ ಭಯ ಮಾತ್ರ ಹೋಗಲಿಲ್ಲ. ನಾನು ರಾಯದುರ್ಗಕ್ಕೆ ಬಂದ ಮೇಲೆ ಸಂಜೆಯಾದರೆ ಫೋನು ಬರುತ್ತಿತ್ತು. ಮೊದಲು ಫೋನೆಂದರೆ ಆಗದವನು. ಊಟ ಆಯಿತೇ ಎಂದು ಕೇಳಿ, ಮಳೆ ಬಂತೇ ಎಂದು ಕೇಳಿ, ಆಮೇಲೆ ಏನೂ ಅಲ್ಲವೆಂಬಂತೆ, "ಜ್ವರ ಗಿರ ಏನೂ ಇಲ್ವಲ್ಲಮ್ಮಿ?" ಎನ್ನುವನು. ಇಲ್ಲ ಎಂದರೆ ಉಸಿರು ಬಿಡುವುದು ಫೋನಿನಲ್ಲೇ ಕೇಳುತ್ತಿತ್ತು. ನಾನು ರೇಗುತ್ತಿದ್ದೆ. ಫೋನಿಟ್ಟ ಮೇಲೆ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಊರಮ್ಮನ ಹಬ್ಬ ಹತ್ತಿರ ಬಂತು. ಅಪ್ಪ ಕುಪ್ಪಸ ಹೊಲಿಯಲು ಕೂತಿದ್ದಾನೆ, ಅದೇ ಟೇಪು ಹಿಡಿದಿದ್ದಾನೆ, ಹಿಡಿಯುವ ಮೊದಲು ಪ್ರತಿ ಸಲವೂ ಪಟಕ್ಕೆ ಕೈಮುಗಿಯುತ್ತಾನೆ ಎಂದು ಅವ್ವ ಹೇಳಿದಳು. ಅದೇ ವಾರ ನನಗೆ ಜ್ವರ ಬಂತು. ಯೂನಿಟ್ಟಿನಲ್ಲಿ ಅರ್ಧ ಜನಕ್ಕೆ ಬಂದಿತ್ತು, ಊರೆಲ್ಲ ಜ್ವರದ ಕಾಲ. ಎಷ್ಟು ಹೇಳಿಕೊಂಡರೂ ಮೈ ಸುಡುವಾಗ ಬುದ್ಧಿ ನಿಲ್ಲುವುದಿಲ್ಲ. ತೋಳಿನ ಮೇಲೆ ಗುಳ್ಳೆ ಎದ್ದಿದೆಯೇ ಎಂದು ಹುಡುಕುತ್ತಿದ್ದೆ. ಗೆಳತಿ ಗಂಡನ ಜೊತೆ ಪಕ್ಕದ ಬೀದಿಯಲ್ಲೇ ಮನೆ ಮಾಡಿದ್ದಳು. ಕೆಲಸ ಬಿಟ್ಟು ಬಂದು ನನ್ನ ತಲೆಯ ಹತ್ತಿರ ಕೂತು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಅವಳ ಮುಖದಲ್ಲೂ ಹೆದರಿಕೆ ಕಂಡೆ. ಹೇಳಲಿಲ್ಲ, ಆದರೆ ಅವಳೂ ಅಮ್ಮನನ್ನು ನಂಬಿದವಳೇ.

ಸಂಜೆ ಫೋನು ಬಂತು. ಚೆನ್ನಾಗಿದ್ದೇನೆ ಅಪ್ಪ ಎಂದೆ. ದನಿ ಒಡೆದಿತ್ತು. ಅಪ್ಪ, ಅವಳು ಅಲ್ಲಿದ್ದಾಳೇನು, ಅವಳಿಗೆ ಫೋನು ಕೊಡು ಎಂದ. ಅಳತೆಯ ದಿನದ ನಂತರ ಅವನು ಅವಳ ಜೊತೆ ಮಾತಾಡಿದ್ದು ಅದೇ ಮೊದಲು. ಅವನ ಮಾತು ನನಗೂ ಕೇಳುತ್ತಿತ್ತು.

"ಇವ್ಳ ಮಾತು ನಾನು ನಂಬಲ್ಲ ಕಣವ್ವ. ನೀನು ಹೇಳಿದ್ರೆ ನಂಬ್ತೀನಿ. ಮಗ ಹೆಂಗವ್ಳೆ? ಅಮ್ಮನ ಮೇಲೆ ಆಣೆ ಇಟ್ಟು ಹೇಳು."

ಅವಳು ನನ್ನ ಕಡೆ ನೋಡಿದಳು. ಕೈಯಲ್ಲಿದ್ದ ಬಟ್ಟೆಯಿಂದ ನೀರು ಚಾಪೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಅಮ್ಮನಾಣೆ ಟೈಲರಣ್ಣ," ಅಂದಳು. "ಚೆನ್ನಾಗವ್ಳೆ."

ಫೋನು ಕೆಳಗಿಟ್ಟು ಅವಳು ಕಣ್ಣು ಮುಚ್ಚಿ, ತಪ್ಪಾಯಿತು ತಾಯಿ ಎಂದು ಎರಡೂ ಕೆನ್ನೆಗೆ ಮೆಲ್ಲಗೆ ಬಡಿದುಕೊಂಡಳು. ಆಮೇಲೆ ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿ, ಹಿಂಡಿ, ನನ್ನ ಹಣೆಯ ಮೇಲೆ ಹಾಕಿದಳು.